ಬಾವಿಕಟ್ಟೆಗೆ ಮುಗಿಯುವ ಎಣಿಕೆ

ಸೈಯೀನ್,
ಅರಸರ ಏಳನೆಯ ವರ್ಷ, ಪಾಖೋನ್ ತಿಂಗಳ ಹತ್ತನೆಯ ದಿನ

ಹೆಜ್ಜೆ ತಪ್ಪದ ಫಿಲೀನೋಸನಿಗೆ ತಮೀನಿಸಳ ನಮಸ್ಕಾರ. ನೀನು ಕ್ಷೇಮವಾಗಿದ್ದರೆ ಸಂತೋಷ. ನಿನ್ನ ಎಡಮೊಣಕಾಲೂ ಕ್ಷೇಮವಾಗಿದ್ದರೆ ಇನ್ನೂ ಸಂತೋಷ. ನಾನು ಚೆನ್ನಾಗಿದ್ದೇನೆ, ಅಪ್ಪ ಚೆನ್ನಾಗಿದ್ದಾನೆ, ಅವನ ತಂಗಿ ತಬೂಬಾ ಅತ್ತೆ ನಮ್ಮಿಬ್ಬರಿಗಿಂತಲೂ ಚೆನ್ನಾಗಿದ್ದಾಳೆ.

ನಿನ್ನ ಪತ್ರ ಥೀಬ್ಸ್‌ನಿಂದ ಉಪ್ಪುಮೀನಿನ ದೋಣಿಯಲ್ಲಿ ಬಂತು. ವಾಸನೆ ಇನ್ನೂ ಹೋಗಿಲ್ಲ. ಬಿಚ್ಚಿ ನೋಡಿದರೆ ಮೂರು ಸಾಲು. ಎರಡು ವರ್ಷಕ್ಕೆ ಮೂರು ಸಾಲು, ಅಂದರೆ ವರ್ಷಕ್ಕೆ ಒಂದೂವರೆ. ಎಣಿಸುವುದು ನಿನಗೊಬ್ಬನಿಗೇ ಬರುತ್ತದೆ ಅಂದುಕೊಳ್ಳಬೇಡ. ಮೊದಲ ಸಾಲಿನಲ್ಲಿ, ವರ್ಷದ ಅತಿ ಉದ್ದದ ದಿನ ನಡುಹಗಲಲ್ಲಿ ನಿಮ್ಮ ಬಾವಿಯ ತಳದಲ್ಲಿ ನೆರಳಿದೆಯೋ ಇಲ್ಲವೋ ನೋಡಿ ಬರೆ ಎಂದಿದ್ದೀಯ. ಎರಡನೆಯದರಲ್ಲಿ, ಜನ ಹೇಳಿದ್ದನ್ನು ಬೇಡ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆ ಎಂದಿದ್ದೀಯ. ಮೂರನೆಯದರಲ್ಲಿ, ಅಲೆಕ್ಸಾಂಡ್ರಿಯಾದಿಂದ ಹೊರಟ ನಮ್ಮ ಎಣಿಕೆ ಆ ಬಾವಿಕಟ್ಟೆಗೆ ಮುಗಿಯುತ್ತದೆ, ನಿನ್ನ ಅಪ್ಪನಿಗೆ ನಮಸ್ಕಾರ ಹೇಳು ಎಂದಿದ್ದೀಯ. ಹೇಳಿದೆ. ಅವನಿಗೆ ತುಂಬ ಖುಷಿಯಾಯಿತು. ನನಗೆ ಬಂದ ನಮಸ್ಕಾರವನ್ನು ಪತ್ರದ ಹಿಂಬದಿಯಲ್ಲೂ ಹುಡುಕಿದೆ, ಮೀನಿನ ಪೊರೆಯೊಂದು ಅಂಟಿಕೊಂಡಿತ್ತು, ಅಷ್ಟೆ.

ಸೈಯೀನ್‌ನಲ್ಲಿ ಬಾವಿಗಳಿಗೇನು ಕೊರತೆಯೇ? ದೇವಾಲಯದ್ದೊಂದಿದೆ, ಕಲ್ಲುಗಣಿಯವರದೊಂದಿದೆ, ನಡುಗಡ್ಡೆಯಲ್ಲಿ ಎರಡಿವೆ. ಅವೆಲ್ಲ ಬಿಟ್ಟು ದಂಡಿನ ಬಾವಿಯೇ, ಅಂದರೆ ನನ್ನ ಅಪ್ಪ ಪಖ್ನೂಮ ಕಾಯುವ, ನಮ್ಮ ಅಡುಗೆಮನೆಯ ಬಾಗಿಲಿನಿಂದ ಇಪ್ಪತ್ತಾರು ಹೆಜ್ಜೆ ದೂರದ ಈ ಬಾವಿಯೇ ಅಲೆಕ್ಸಾಂಡ್ರಿಯಾದ ಗ್ರಂಥಾಲಯದವರಿಗೆ ಬೇಕಾಯಿತೆಂದರೆ ಅದನ್ನು ಯಾರು ಸೂಚಿಸಿದರು ಎಂದು ನಾನು ಕೇಳುವುದಿಲ್ಲ. ನೀನೂ ಹೇಳುವವನಲ್ಲ.

ಪತ್ರ ಓದಿ ಮುಗಿಸಿದಾಗ ಅಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಎತ್ತದೆ ಕೇಳಿದ, "ಅವನು ಬಂದಾಗ ನೀನು ಮನೇಲಿರ್ತೀಯೋ, ಅತ್ತೆ ಜೊತೆ ನಡುಗಡ್ಡೆಗೆ ಹೋಗಿ ಕೂತ್ಕೋತೀಯೋ? ಈಗ್ಲೇ ಹೇಳಿಬಿಡು ತಾಯಿ. ಎಷ್ಟು ರೊಟ್ಟಿಗೆ ಹಿಟ್ಟು ಬೀಸ್ಬೇಕು ಅಂತ ಗೊತ್ತಾಗುತ್ತೆ." ಮೊದಲು ನಿನ್ನ ನೆರಳಿನ ವಿಚಾರ ಮುಗಿಯಲಿ, ಆಮೇಲೆ ನಿನ್ನ ವಿಚಾರ ಎಂದುಕೊಂಡೆ. ಈ ಪತ್ರದಲ್ಲಿ ಎರಡಕ್ಕೂ ಉತ್ತರವಿದೆ. ಆದರೆ ನೀನು ಕೊನೆಯನ್ನು ಮೊದಲು ಓದಬಾರದು. ನಾನು ಬರೆದ ಕ್ರಮದಲ್ಲೇ ಓದಬೇಕು. ಅಕ್ಷರ ಕಲಿಸಿದವನು ನೀನೇ, ಈಗ ಅನುಭವಿಸು.

ನಿನ್ನ ಮೇಲೆ ನನಗೆ ಯಾಕೆ ಕೋಪ ಎಂದು ಥೀಬ್ಸ್‌ನ ದೋಣಿಯವನಿಗೂ ಗೊತ್ತು, ಹಾಗೆ ಹಬ್ಬಿಸಿದ್ದಾಳೆ ಅತ್ತೆ. ಆದರೂ ನನ್ನ ಬಾಯಿಂದಲೇ ಇನ್ನೊಮ್ಮೆ ಕೇಳು. ನಿಮ್ಮ ಕಸುಬಿನ ನಿಯಮ ನನಗೆ ಗೊತ್ತಿಲ್ಲವೆಂದಲ್ಲ. ಹೆಜ್ಜೆ ಎಣಿಸಿ ದಾರಿ ಅಳೆಯುವ ಅರಮನೆಯ ಹೆಜ್ಜೆಗಾರನ ಪ್ರತಿ ಹೆಜ್ಜೆಯೂ ಒಂದೇ ಉದ್ದವಿರಬೇಕು. ನೂರು ಹೆಜ್ಜೆಗೊಮ್ಮೆ ಬಲಚೀಲದ ಒಂದು ಅವರೆಕಾಳು ಎಡಚೀಲಕ್ಕೆ ಬೀಳಬೇಕು. ಎಣಿಕೆ ನಡೆಯುವಾಗ ಎಡಗೈಯ ಎರಡು ಬೆರಳು ಮೇಲಿರುತ್ತವೆ, ಆಗ ಸೇನಾಪತಿಯೂ ಅವನನ್ನು ಮಾತಾಡಿಸುವಂತಿಲ್ಲ, ಅವನೂ ಯಾರನ್ನೂ ನೋಡಿ ನಗುವಂತಿಲ್ಲ. ಎಂಟು ವರ್ಷ ನಿನ್ನ ಜೊತೆ ಬಾಳಿದವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಸರೋವರದ ದಾರಿಯಲ್ಲಿ ಕತ್ತೆ ನಿನ್ನ ಎಡಚೀಲಕ್ಕೆ ಮುಸುಡಿ ಹಾಕಿ ಹದಿನಾಲ್ಕು ದಿನದ ಲೆಕ್ಕವನ್ನು ಕರುಮ್ ಕರುಮ್ ಎಂದು ತಿಂದುಬಿಟ್ಟದ್ದು, ನೀನು ಮಾತಿಲ್ಲದೆ ಹಿಂದಿರುಗಿ ಮೊದಲಿನಿಂದ ನಡೆದದ್ದು, ಮನೆಗೆ ಬಂದು ಎರಡು ದಿನ ಗುಮ್ಮನೆ ಕೂತು ಮೂರನೆಯ ದಿನ ಊಟದ ನಡುವೆ ಇದ್ದಕ್ಕಿದ್ದಂತೆ ಬಿದ್ದು ಬಿದ್ದು ನಕ್ಕದ್ದು, ಎಲ್ಲ ನೆನಪಿದೆ. ಆ ನಗುವಿಗಾಗಿ ನಾನು ಎಷ್ಟೋ ಸಹಿಸಿದೆ. ರೊಟ್ಟಿ ಲಟ್ಟಿಸುವಾಗ ನೀನು ಬಾಯೊಳಗೇ ಎಣಿಸುತ್ತಿದ್ದುದನ್ನೂ ಸಹಿಸಿದೆ.

ಆದರೆ ಆ ದಿನ ಬೇರೆ. ಕೆಂಪುಸಮುದ್ರದ ದಾರಿ ಅಳೆಯಲು ಹೋದವನು ಐದು ತಿಂಗಳಾದ ಮೇಲೆ ಬರುತ್ತೀಯ ಎಂದು ತಿಳಿದು, ಹಳದಿ ಸೆರಗು ಹೊದ್ದು, ಎಳ್ಳಿನ ಹೋಳಿಗೆ ಕಟ್ಟಿಕೊಂಡು ಅಲೆಕ್ಸಾಂಡ್ರಿಯಾದ ಪೂರ್ವದ ಬಾಗಿಲಿಗೆ ಬಂದು ನಿಂತೆ. ನೀನು ಬಂದೆ. ಎರಡು ಬೆರಳು ಮೇಲಿದ್ದವು. ನನ್ನ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಣ್ಣನ್ನು ಕೂಡ ಹೊರಳಿಸದೆ ಹೋಗಿಬಿಟ್ಟೆ. ಎಣಿಕೆ ಮುಗಿಯುವ ಅಳತೆಕಲ್ಲು ಇನ್ನೂರ ಹನ್ನೆರಡು ಹೆಜ್ಜೆ ಮುಂದಿತ್ತು. ನಾನು ಮರುದಿನವೇ ಅಪ್ಪನ ಊರಿಗೆ ದೋಣಿ ಹತ್ತಿದೆ. ಆ ಬಾಗಿಲಲ್ಲಿದ್ದ ಈರುಳ್ಳಿಯ ಬುಟ್ಟಿಗಳನ್ನು ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಯಾಕೆ ಎಂದು ಈಗಲೇ ಕೇಳಬೇಡ. ಅವನು ತಿರುಗಿಯೂ ನೋಡಲಿಲ್ಲ ಎಂದು ಇಲ್ಲಿ ಹೇಳಿದೆ, ಅತ್ತೆ ಅಂದಿನಿಂದ ಕಲ್ಲಂಗಡಿ ತಿಂದು ಬೀಜ ಉಗುಳುವಾಗೆಲ್ಲ ನಿನ್ನ ಹೆಸರು ಹೇಳಿಯೇ ಉಗುಳುತ್ತಾಳೆ. ಎರಡು ವರ್ಷದ ಬೀಜ, ಫಿಲೀನೋಸ್. ನಮ್ಮ ಗೋಡೆಯ ಬುಡದಲ್ಲಿ ಈಗ ಬಳ್ಳಿಗಳೇ ಹಬ್ಬಿವೆ.

ಕಲ್ಲಂಗಡಿ ಎಂದರೆ ನೆನಪಾಯಿತು. ಬಾವಿಯ ನೆರಳು ಯಾರಿಗೆ ಬೇಕು, ಯಾಕೆ ಬೇಕು ಎಂದು ಅತ್ತೆ ಕೇಳಿದಳು. ನೀನು ನನಗೆ ಹಿಂದೆ ತೋರಿಸಿದ ಹಾಗೆಯೇ ತೋರಿಸಿದೆ. ಅಂಗಳದ ಬಿಸಿಲಿನಲ್ಲಿ ದುಂಡನೆಯ ಹಣ್ಣೊಂದನ್ನು ಇಟ್ಟು, ಎರಡು ಖರ್ಜೂರದ ಮುಳ್ಳುಗಳನ್ನು ನೆಟ್ಟಗೆ ಚುಚ್ಚಿದೆ. ಒಂದು ಮುಳ್ಳು ಸೈಯೀನ್, ಸೂರ್ಯನ ನೇರ ಕೆಳಗೆ, ಅದಕ್ಕೆ ನೆರಳಿಲ್ಲ. ಇನ್ನೊಂದು ಅಲೆಕ್ಸಾಂಡ್ರಿಯಾ, ಹಣ್ಣಿನ ಮೈ ಬಾಗಿರುವುದರಿಂದ ಅದೇ ಹೊತ್ತಿಗೆ ಅದಕ್ಕೆ ಗಿಡ್ಡ ನೆರಳು. ಆ ನೆರಳಿನ ವಾಲುವಿಕೆಯನ್ನು ಅಳೆದರೆ ಎರಡು ಊರುಗಳ ನಡುವಿನ ದಾರಿ ಇಡೀ ಹಣ್ಣಿನ ಸುತ್ತಳತೆಯಲ್ಲಿ ಎಷ್ಟನೆಯ ಪಾಲು ಎಂದು ಸಿಗುತ್ತದೆ. ಅಲ್ಲಿ ಅಳೆದಿದ್ದಾರೆ, ಐವತ್ತರಲ್ಲಿ ಒಂದು ಪಾಲು. ಇನ್ನು ಫಿಲೀನೋಸ್ ನಡೆದು ಬಂದು ದಾರಿಯ ಉದ್ದ ಹೇಳಿದರೆ ಸಾಕು, ಅದರ ಐವತ್ತು ಪಟ್ಟು ಇಡೀ ಭೂಮಿಯ ಸುತ್ತಳತೆ. ಒಂದು ಕೋಲು, ಒಂದು ಬಾವಿ, ಒಬ್ಬ ನಡೆಯುವವನು, ಇಷ್ಟರಲ್ಲೇ ಭೂಮಿಯನ್ನು ಅಳೆಯುತ್ತಾರಂತೆ ಗ್ರಂಥಾಲಯದ ಯಜಮಾನರಾದ ಎರಟೋಸ್ಥೆನೀಸರು, ತಾವು ಕೂತ ಜಾಗ ಬಿಟ್ಟು ಏಳದೆಯೇ ಎಂದೆ.

ಅತ್ತೆ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, "ಭೂಮಿ ಇಷ್ಟು ದುಂಡಗಿದ್ರೆ ನಿನ್ನ ಗಂಡ ಇನ್ನೂ ಯಾಕೆ ಉರುಳಿ ಬಿದ್ದಿಲ್ಲ?" ಅಂದಳು. ಆಮೇಲೆ ಅಲೆಕ್ಸಾಂಡ್ರಿಯಾದ ಕಡೆಯಿಂದ ಚಾಕು ಹಾಕಿ ಭೂಮಿಯನ್ನು ಹೋಳು ಮಾಡಿ ಎಲ್ಲರಿಗೂ ಹಂಚಿದಳು. ಅಪ್ಪ ಮಾತ್ರ ಹೋಳಿನ ಬಾಗಿದ ಸಿಪ್ಪೆಯ ಮೇಲೆ ಬೆರಳು ಎಳೆದು ನೋಡಿದ. ನಿಧಾನಕ್ಕೆ ಹೇಳಿದ, "ಹಾಗಾದ್ರೆ ಅವನು ತಿರುಗಿ ನೋಡ್ದೆ ನೆಟ್ಟಗೆ ನಡೀತಾನೇ ಹೋದ್ರೂ ಕೊನೆಗೆ ನಮ್ಮ ಬಾಗಿಲಿಗೇ ಬರ್ತಾನೆ ಅನ್ನು." ನನಗೆ ನಗು ಬಂತು, ಕೂಡಲೇ ಮುಖವೂ ಬಿಸಿಯಾಯಿತು. ಸಿಪ್ಪೆ ಎಸೆಯುವ ನೆಪದಲ್ಲಿ ಎದ್ದು ಹೋದೆ.

ನಿಮ್ಮ ಯಜಮಾನರ ಮೇಲೆ ನನಗೇನೂ ಸಿಟ್ಟಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಅವರನ್ನು ನೋಡಿದವಳಲ್ಲ. ಆದರೆ ಒಂದು ಬೆಳಿಗ್ಗೆ ನಾನು ಹಿಟ್ಟಿಗೆ ಜರಡಿ ಹಿಡಿದಿದ್ದಾಗ ನೀನು ಬಂದು, ನಮ್ಮ ಯಜಮಾನರು ಸಂಖ್ಯೆಗಳಿಗೂ ಜರಡಿ ಹಿಡಿದಿದ್ದಾರೆ ಎಂದೆಯಲ್ಲ, ಅಂದಿನಿಂದ ಅವರು ನನಗೆ ನೆಂಟರ ಹಾಗೆ. ಹರಡಿದ ಹಿಟ್ಟಿನ ಮೇಲೆ ನೀನು ಬೆರಳಿನಲ್ಲಿ ಸಂಖ್ಯೆಗಳನ್ನು ಬರೆದೆ. ಎರಡನ್ನು ಉಳಿಸಿ ಎರಡರ ಮಗ್ಗಿಯನ್ನೆಲ್ಲ ಹೊಡೆದುಹಾಕು ಎಂದೆ, ಮೂರನ್ನು ಉಳಿಸಿ ಮೂರರ ಮಗ್ಗಿಯನ್ನೆಲ್ಲ, ಐದನ್ನು ಉಳಿಸಿ ಐದರದನ್ನೆಲ್ಲ. ಯಾರ ಮಗ್ಗಿಗೂ ಸಿಕ್ಕದವು ಜರಡಿಯಲ್ಲಿ ಉಳಿದವು. ನೂರರವರೆಗೂ ಹೊಡೆದೆವು. ಅಂದು ರೊಟ್ಟಿಯಾಗಲಿಲ್ಲ, ಅಂಜೂರ ತಿಂದು ಮಲಗಿದೆವು. ಅವರು ಭೂಪಟ ಬರೆಯುತ್ತಾರೆ, ತಾರೆಗಳ ಕಥೆ ಬರೆಯುತ್ತಾರೆ, ಹಳೆಯ ಯುದ್ಧಗಳ ವರ್ಷ ಹುಡುಕುತ್ತಾರೆ, ಯಾವುದರಲ್ಲೂ ಮೊದಲನೆಯವರಲ್ಲ ಎಂದು ಜನ ಅವರನ್ನು ಬೆನ್ನ ಹಿಂದೆ 'ಎರಡನೆಯವರು' ಎಂದು ಕರೆಯುತ್ತಾರೆ ಎಂದೂ ನೀನೇ ಹೇಳಿದ್ದೆ. ಎರಡನೆಯ ಸ್ಥಾನ ಏನೆಂದು ನನಗೂ ಗೊತ್ತು. ನಿನ್ನ ಮನೆಯಲ್ಲಿ ಎಣಿಕೆ ಮೊದಲು, ನಾನು ಆಮೇಲೆ. ಈ ಬಾವಿಯ ಕೆಲಸವನ್ನು ಸರಿಯಾಗಿ ಮಾಡಿಕೊಡಬೇಕೆಂದು ನನಗೆ ಅನಿಸಿದ್ದು ಆ ಎರಡನೆಯವರಿಗಾಗಿ, ನಿನಗಾಗಿ ಅಲ್ಲ. ಹೀಗೆಂದು ಅತ್ತೆಗೆ ಹೇಳಿದ್ದೇನೆ.

ಈಗ ಕೆಲಸಕ್ಕೆ ಬರೋಣ. ಉದ್ದದ ದಿನ ಎಂಟನೆಯ ತಾರೀಖಿಗೆ ಬಿತ್ತು. ನಮ್ಮೂರಲ್ಲಿ ಆ ನಡುಹಗಲು ಬಾವಿಯಲ್ಲಿ ಮುಖ ನೋಡಿಕೊಳ್ಳುವ ಪದ್ಧತಿ ಇದೆಯಲ್ಲ. ತಲೆಯ ಮೇಲೆ ಸೂರ್ಯನನ್ನು ಹೊತ್ತ ಹಾಗೆ ನೀರಿನಲ್ಲಿ ಮುಖ ಕಂಡರೆ ಆ ವರ್ಷ ಜ್ವರ ಬರುವುದಿಲ್ಲ, ಹಲ್ಲುನೋವು ಬರುವುದಿಲ್ಲ, ಅಳಿಯ ಸರಿಯಾಗಿರುತ್ತಾನೆ. ಇಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ಹೇಳುವ ಮಾತೆಂದರೆ, ಅಂದು ಬಾವಿಯಲ್ಲಿ ಒಂದು ಚೂರೂ ನೆರಳಿರುವುದಿಲ್ಲ. ನಾನೂ ಹೇಳುತ್ತಿದ್ದೆ. ಅಲೆಕ್ಸಾಂಡ್ರಿಯಾದಲ್ಲಿ ನಿನ್ನ ಗೆಳೆಯರ ಮುಂದೆ ಜಂಬದಿಂದ ಹೇಳಿದವಳೂ ನಾನೇ.

ಬೆಳಿಗ್ಗೆಯೇ ಸಾರಿದೆ, ಈ ವರ್ಷ ಯಾರೂ ಬಗ್ಗಬಾರದು, ನಾನೊಬ್ಬಳೇ ನೋಡಬೇಕು, ಇದು ಗ್ರಂಥಾಲಯದ ಕೆಲಸ ಎಂದು. ಎಲ್ಲರೂ ಆಗಲಿ ಆಗಲಿ ಎಂದರು. ನಡುಹಗಲಾಗುತ್ತಿದ್ದಂತೆ ಅಪ್ಪ, ಕಾವಲುಗಾರನ ಹಕ್ಕೆಂದರೆ ಹಕ್ಕೇ ಎಂದು ತನ್ನ ಬೋಳು ತಲೆಯನ್ನು ಮೊದಲು ಬಗ್ಗಿಸಿದ. ಅವನು ಬಗ್ಗಿದ್ದೇ ತಡ, ದಂಡಿನ ನಾಯಕ ಬಗ್ಗಿದ, ರೊಟ್ಟಿಯವನು, ಅವನ ಹೆಂಡತಿ, ಅವಳ ಮೂರು ತಂಗಿಯರು, ಕಲ್ಲು ಕಡಿಯುವವರು, ಎಲ್ಲರೂ ಬಗ್ಗಿದರು. ಅತ್ತೆ ನಡುಗಡ್ಡೆಯಿಂದ ದೋಣಿಯಲ್ಲಿ ಬಂದದ್ದೇ ಇದಕ್ಕೆ. ಸಂದಿಯಲ್ಲಿ ನನ್ನ ತಲೆ ತೂರಿಸಿ ನೋಡಿದೆ. ನೀರಿನಲ್ಲಿ ಏನಿತ್ತು ಹೇಳು ನೋಡೋಣ? ತಲೆಗಳ ನೆರಳು. ಸುತ್ತಲೂ ಹದಿನೇಳು ದುಂಡನೆಯ ಕಪ್ಪು ನೆರಳು, ನನ್ನದೂ ಸೇರಿ ಹದಿನೆಂಟು, ನಡುವೆ ಅಂಗೈಯಷ್ಟು ಬೆಳಕು. ಎಲ್ಲರೂ ತಲೆ ಎತ್ತಿದ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ನೆರಳೇ ಇರಲಿಲ್ಲ ಎಂದು ಹದಿನೇಳು ಜನವೂ ಹೇಳಿದರು. ದಂಡಿನ ನಾಯಕ ಆಣೆ ಇಡಲೂ ತಯಾರಿದ್ದ. ಅಷ್ಟರಲ್ಲಿ ಹೊತ್ತು ವಾಲಿತ್ತು.

ನಿಜವಾಗಿ ಹೇಳುತ್ತೇನೆ, ಹಿಟ್ಟಿನ ಕೋಣೆಗೆ ಹೋಗಿ ಕೂತು ಅತ್ತುಬಿಟ್ಟೆ. ವರ್ಷಕ್ಕೊಂದು ದಿನ, ಅದನ್ನೂ ಕಳೆದುಕೊಂಡೆ. ಜನ ಹೇಳಿದ್ದು ಬೇಡ ಎಂದಿದ್ದೀಯ, ನನ್ನ ಹತ್ತಿರ ಇದ್ದದ್ದು ಬರೀ ಜನ ಹೇಳಿದ್ದು. ಇಷ್ಟು ತಲೆಮಾರು ಈ ಊರಿನವರು ತಮ್ಮ ತಮ್ಮ ತಲೆಯ ನೆರಳನ್ನೇ ನೋಡಿ ನೆರಳಿಲ್ಲ ಎಂದು ಹೇಳಿಕೊಂಡು ಬಂದಿದ್ದಾರಲ್ಲ ಎಂದು ಯೋಚಿಸಿ ಅಳುವಿನ ನಡುವೆಯೇ ನಗುವೂ ಬಂತು. ಆಗ ನೀನು ಹೇಳಿದ್ದೊಂದು ನೆನಪಾಯಿತು. ಮೇಲಕ್ಕೆ ಎಸೆದ ಚೆಂಡು ತುದಿಗೆ ಹೋದಾಗ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಹಾಗೆಯೇ ಉದ್ದದ ದಿನದ ಆಚೀಚೆ ಎರಡು ಮೂರು ದಿನ ಸೂರ್ಯ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತಿರುತ್ತಾನೆ ಎಂದಿದ್ದೆ. ಕಣ್ಣೊರೆಸಿಕೊಂಡು ಹೊರಗೆ ಬಂದೆ. ನಾಳೆ ನಾನು ಬಾವಿಗೆ ಇಳಿಯುತ್ತೇನೆ ಎಂದೆ.

ಅಪ್ಪ ಹಗ್ಗ ಕೆಳಗಿಟ್ಟ. "ಇಳಿಯೋದೇನೋ ಇಳೀತೀಯ ಮಗಳೇ. ಎತ್ತೋಕೆ ನನ್ನ ತೋಳಲ್ಲಿ ಶಕ್ತಿ ಎಲ್ಲಿದೆ?"

"ನನ್ನ ತೋಳಲ್ಲಿದೆ," ಅಂದಳು ಅತ್ತೆ. "ಆದ್ರೆ ಒಂದು ಮಾತು. ಒಳಗಿಂದ ಆ ಮನುಷ್ಯನ ಹೆಸರು ಕೂಗಿ ಅತ್ತರೆ ಹಗ್ಗ ಬಿಟ್ಟುಬಿಡ್ತೀನಿ."

ಒಂಬತ್ತನೆಯ ದಿನ ಬಾವಿಕಟ್ಟೆಗೆ ಒಬ್ಬರೂ ಬರಲಿಲ್ಲ. ಅದೃಷ್ಟದ ದಿನ ಹಿಂದಿನ ದಿನಕ್ಕೇ ಮುಗಿದಿತ್ತು, ಇನ್ನು ಯಾರಿಗೆ ಬೇಕು. ಅಪ್ಪ ದಂಡಿನವರಿಂದ ಒಂದು ಈಟಿ ಕೇಳಿ ತಂದು ಅಂಗಳದಲ್ಲಿ ನೆಟ್ಟ. ಅದು ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಮೂರು ಕಡೆಯಿಂದ ನೋಡಿದ. ಈಟಿಯ ನೆರಳು ಬುಡಕ್ಕೆ ಸೇರಿದ ಕೂಡಲೇ ಕೂಗುವುದು ಅವನ ಕೆಲಸ. ನನ್ನ ನಡುವಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಕತ್ತೆಯ ಕೊರಳಲ್ಲಿ, ಕತ್ತೆಯ ಕಿವಿ ಅತ್ತೆಯ ಕೈಯಲ್ಲಿ. ಕತ್ತೆಗಳ ಮೇಲೆ ನಿನಗೆ ನಂಬಿಕೆ ಇಲ್ಲ, ನನಗೆ ಗೊತ್ತು. ಈ ಕತ್ತೆ ಒಳ್ಳೆಯದು.

ಗೋಡೆಯ ಕಲ್ಲುಸಂದಿಗಳಲ್ಲಿ ಕಾಲಿಟ್ಟು ಇಳಿದೆ. ಹೊಳೆ ಏರುವ ಮುಂಚಿನ ಕಾಲ, ನೀರು ಮೊಣಕಾಲಿನಷ್ಟೇ ಇತ್ತು, ತಣ್ಣಗೆ. ಒಂದು ಕಪ್ಪೆ ನನ್ನನ್ನು ನೋಡಿ ಬೇಸರದಿಂದ ಪಕ್ಕಕ್ಕೆ ಸರಿಯಿತು. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆ. ಮೊದಲು ಪಶ್ಚಿಮದ ಗೋಡೆಯ ಮೇಲೆ ಬಿಸಿಲು ಇಳಿಯತೊಡಗಿತು, ಒಂದೊಂದೇ ಕಲ್ಲಿನ ಸಾಲು ದಾಟಿ. ನಾನು ಸಾಲುಗಳನ್ನು ಎಣಿಸುತ್ತಿದ್ದೆ, ನಗಬೇಡ. ಹದಿನೆಂಟನೆಯ ಸಾಲು ದಾಟಿ ನೀರು ಮುಟ್ಟಿತು. ಆಮೇಲೆ ನೀರಿನ ಮೇಲೆ ಪೂರ್ವದ ಕಡೆಗೆ ತೆವಳಿತು. ಆಮೇಲೆ ಅಪ್ಪ ಕೂಗಿದ.

ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ, ಇದನ್ನು ಹಾಗೆಯೇ ನಿಮ್ಮ ಯಜಮಾನರಿಗೆ ಕಳಿಸು. ಪಾಖೋನ್ ಒಂಬತ್ತನೆಯ ದಿನ ನಡುಹಗಲಲ್ಲಿ ಬಾವಿಯ ತಳದ ಪೂರ್ವದಲ್ಲೂ ಪಶ್ಚಿಮದಲ್ಲೂ ಉತ್ತರದಲ್ಲೂ ನೆರಳಿರಲಿಲ್ಲ. ಆ ಮೂರೂ ಕಡೆಯ ಗೋಡೆಗಳ ಮೇಲೆ ಬುಡದವರೆಗೆ ಬಿಸಿಲು ಸವರಿಕೊಂಡು ಇಳಿದಿತ್ತು. ಅಂಗೈ ಚಾಚಿ ಹಿಡಿದೆ, ಅದರ ನೆರಳು ನೇರ ಕೆಳಗೆ, ಅಂಗೈಯಷ್ಟೇ ದೊಡ್ಡದಾಗಿ ನೀರಿನ ಮೇಲೆ ಬಿತ್ತು. ನನ್ನ ನೆರಳು ನನ್ನ ಕಾಲಡಿಗೇ ಸೇರಿಕೊಂಡಿತ್ತು, ಹುಡುಕಿದರೂ ಬೇರೆಲ್ಲೂ ಇರಲಿಲ್ಲ. ದಕ್ಷಿಣದ ಗೋಡೆಯ ಬುಡದಲ್ಲಿ ಮಾತ್ರ ಒಂದು ದಾರದಷ್ಟು ದಪ್ಪದ ಕಪ್ಪು ಗೆರೆ ಇತ್ತು. ಅದು ಪಾಚಿಯೋ ನೆರಳೋ ನನಗೆ ತಿಳಿಯಲಿಲ್ಲ. ಅದನ್ನು ಬರೆಯಬೇಡ, ಪಾಪ ಅವರ ಐವತ್ತರ ಲೆಕ್ಕ ಕೆಡುತ್ತದೆ ಎಂದು ಅಪ್ಪ ಹೇಳಿದ. ಕಂಡಿದ್ದೇನೆ, ಅದಕ್ಕೆ ಬರೆದಿದ್ದೇನೆ. ನಾನು ತೊಂಬತ್ತು ಎಣಿಸುವಷ್ಟು ಹೊತ್ತು ಎಲ್ಲ ಹಾಗೇ ಇತ್ತು, ಆಮೇಲೆ ಪಶ್ಚಿಮದ ಗೋಡೆ ಕಪ್ಪಾಗತೊಡಗಿತು. ಇಷ್ಟು ಗ್ರಂಥಾಲಯಕ್ಕೆ.

ಮುಂದಿನದು ನಿನಗೆ. ಆ ತೊಂಬತ್ತರ ಹೊತ್ತಿನಲ್ಲಿ ನಾನು ನಿನ್ನನ್ನೇ ನೆನೆದೆ. ಅದೇ ಗಳಿಗೆಯಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಯಾವನೋ ಈ ವರ್ಷವೂ ಕೋಲಿನ ನೆರಳು ಅಳೆಯುತ್ತಿರುತ್ತಾನೆ, ನೀನು ನಡುದಾರಿಯಲ್ಲಿ ಎಲ್ಲೋ ಎರಡು ಬೆರಳು ಎತ್ತಿಕೊಂಡು ನಿನ್ನ ಗಿಡ್ಡ ನೆರಳನ್ನು ತುಳಿಯುತ್ತ ಬರುತ್ತಿರುತ್ತೀಯ, ದಿನದಿನವೂ ಅದು ಇನ್ನಷ್ಟು ಗಿಡ್ಡವಾಗುತ್ತಿರುತ್ತದೆ ಎಂದುಕೊಂಡೆ. ಐದು ತಿಂಗಳ ದಾರಿಯನ್ನು ಒಂದೇ ಹೆಜ್ಜೆ ಕೆಡದಂತೆ ನಡೆದು ಬಂದವನಿಗೆ ಇನ್ನೂರ ಹನ್ನೆರಡು ಉಳಿದಿರುವಾಗ ಯಾರಾದರೂ ಅಡ್ಡ ನಿಂತರೆ ಏನನಿಸುತ್ತದೆ ಎಂದು ನನಗೆ ಮೊದಲ ಸಲ ತಿಳಿಯಿತು. ಹಿಂದಿನ ದಿನ ಆ ಹದಿನೇಳು ತಲೆಗಳನ್ನು ಒಂದೊಂದಾಗಿ ಬಾವಿಗೆ ಅದ್ದಬೇಕೆಂದು ನನಗೇ ಅನಿಸಿತ್ತು. ನೀನು ಪಾಪ ಎರಡು ಬೆರಳು ಎತ್ತಿದೆ, ಅಷ್ಟೇ ತಾನೆ. ಬಹಳ ಬೇಕೆನಿಸಿದ್ದೀಯ ನನಗೆ. ಇದನ್ನು ಬಾವಿಯೊಳಗಿಂದ ಕೂಗಲಿಲ್ಲ, ಹಗ್ಗ ಕತ್ತೆಯ ಕೊರಳಲ್ಲಿದ್ದರೂ ಕತ್ತೆ ಅತ್ತೆಯ ಕೈಯಲ್ಲಿತ್ತು.

ಆದ್ದರಿಂದ ಅಪ್ಪನ ಪ್ರಶ್ನೆಗೆ ಉತ್ತರ ಇದು. ನಾನು ನಡುಗಡ್ಡೆಗೆ ಹೋಗುವುದಿಲ್ಲ. ಮೂವರ ಬದಲು ನಾಲ್ವರಿಗೆ ಹಿಟ್ಟು ಬೀಸುತ್ತೇನೆ. ಆದರೆ ನೀನೂ ಸರಿಯಾಗಿ ಕೇಳಿಸಿಕೋ. ನಮ್ಮ ಬೀದಿಯ ತುದಿಗೆ ಬಂದಾಗ ನಾನು ಬಾವಿಕಟ್ಟೆಯ ಹತ್ತಿರ ನಿಂತಿರುತ್ತೇನೆ. ನಿನ್ನನ್ನು ಕರೆಯುವುದಿಲ್ಲ, ಓಡಿ ಬರುವುದಿಲ್ಲ, ಅಳುವುದೂ ಇಲ್ಲ. ನೀನೂ ನನ್ನನ್ನು ನೋಡಬೇಡ, ನಗಬೇಡ, ಹೆಜ್ಜೆ ಉದ್ದ ಮಾಡಬೇಡ. ನಿನ್ನ ದಾರಿಯಲ್ಲಿ ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೆ ಭೂಮಿಯ ಸುತ್ತಳತೆ ಅದರ ಐವತ್ತು ಪಟ್ಟು ಕೆಡುತ್ತದೆ, ಆ ಪಾಪ ನನಗೆ ಬೇಡ. ಕಟ್ಟೆಗೆ ಕಾಲು ತಾಗಲಿ, ಕೊನೆಯ ಕಾಳು ಎಡಚೀಲಕ್ಕೆ ಬೀಳಲಿ, ಲೆಕ್ಕದ ಬರಹಗಾರ ಚೀಲಕ್ಕೆ ಮೊಹರು ಹಾಕಲಿ. ಕತ್ತೆಯನ್ನು ದೂರ ಕಟ್ಟಿರುತ್ತೇನೆ. ಆಮೇಲೆ ಎರಡು ಬೆರಳು ಇಳಿಸಿ ನನ್ನ ಕಡೆ ತಿರುಗು. ಎಳ್ಳಿನ ಹೋಳಿಗೆ ಬಿಸಿಯಾಗಿರುತ್ತದೆ.

ಈ ಪತ್ರವನ್ನು ನಿನ್ನ ದಾರಿಯಲ್ಲಿ ಸಿಗುವ ಎಡ್ಫುವಿನಲ್ಲಿ ನಿನಗೆ ಕೊಡಲು ಹೇಳಿದ್ದೇನೆ. ಆ ದಿನದ ಎಣಿಕೆ ಮುಗಿದ ಮೇಲೆಯೇ ಕೊಡು, ನಡೆಯುವಾಗ ಹತ್ತಿರವೂ ಹೋಗಬೇಡ ಎಂದು ದೋಣಿಯವನಿಗೆ ಮೂರು ಸಲ ಹೇಳಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಬಿಸಿಲು ಏರುವ ಮುಂಚೆ ನಡೆ. ಅಪ್ಪ ನಿನಗೆ ನಮಸ್ಕಾರ ಹೇಳಿದ್ದಾನೆ. ಅತ್ತೆ ಬೇರೆ ಏನೋ ಹೇಳಿದ್ದಾಳೆ, ಅದನ್ನು ಬರೆಯಲಾರೆ.

ಕ್ಷೇಮವಾಗಿ ಬಾ.

ಇಪ್ಪತ್ತಾರು ಹೆಜ್ಜೆ ಆಚೆಯ ಬಾಗಿಲಿನಿಂದ,
ನಿನ್ನವಳೇ ಆದ
ತಮೀನಿಸ್

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಕಣ್ಣಾರೆ ಕಂಡದ್ದನ್ನು ಬರೆ ಎಂದಿದ್ದೀಯ. ಹಾಗಾದರೆ ಇನ್ನೊಂದು ಉಳಿದಿದೆ. ಅಂದು ಪೂರ್ವದ ಬಾಗಿಲಲ್ಲಿ ನೀನು ಹೋದ ಮೇಲೆ ನಾನು ಅಲ್ಲೇ ಇದ್ದೆ, ಈರುಳ್ಳಿಯ ಬುಟ್ಟಿಗಳ ಹಿಂದೆ ಕೂತಿದ್ದೆ. ನೀನು ಅಳತೆಕಲ್ಲು ಮುಟ್ಟಿದ್ದು, ಕೊನೆಯ ಕಾಳು ಹಾಕಿದ್ದು, ಚೀಲವನ್ನು ಬರಹಗಾರನ ಕೈಗೆ ಕೊಟ್ಟದ್ದು ಕಂಡೆ. ಕೊಟ್ಟ ಕೂಡಲೇ ನೀನು ತಿರುಗಿದೆ. ತಿರುಗಿ ಓಡಿದೆ. ಯಾರಿಗಾಗಿಯೂ ಹೆಜ್ಜೆ ಬದಲಿಸದವನು ಜನರ ನಡುವೆ ನುಗ್ಗಿಕೊಂಡು, ಹರಿದ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿಬಂದೆ. ಹಳದಿ ಸೆರಗಿನ ಹೆಂಗಸು ಎಲ್ಲಿ ಹೋದಳು ಎಂದು ಈರುಳ್ಳಿಯವಳನ್ನೇ ಕೇಳಿದೆ. ನಾನು ಅವಳ ಕಾಲು ಚಿವುಟಿದೆ, ಅವಳು ಕಾಣೆ ಎಂದಳು. ನನ್ನ ಕೋಪ ಆಗ ತಾನೇ ಹದಕ್ಕೆ ಬಂದಿತ್ತು, ನೀನು ತಿರುಗಿಬಿಟ್ಟರೆ ಅದನ್ನು ಏನು ಮಾಡಲಿ? ಹೋಳಿಗೆಗಳನ್ನು ದೋಣಿಯಲ್ಲಿ ಒಬ್ಬಳೇ ತಿಂದೆ. ಅವನು ತಿರುಗಿಯೂ ನೋಡಲಿಲ್ಲ ಎಂದು ಎರಡು ವರ್ಷದಿಂದ ಇಡೀ ಊರಿಗೆ ಹೇಳಿಕೊಂಡು ಬಂದಿದ್ದೇನೆ. ನೀನು ಬರುವ ಮುಂಚೆ ಅಪ್ಪನಿಗೆ ನಾನೇ ಹೇಳಿಬಿಡುತ್ತೇನೆ. ಅತ್ತೆಗೆ ಮಾತ್ರ ನೀನೇ ಹೇಳಬೇಕು. ನನಗೆ ಧೈರ್ಯವಿಲ್ಲ.